ಮಲೆನಾಡಿನ ಮಕ್ಕಳು ಪರಿಸರ ವಿಜ್ಞಾನ ಓದೋದಾದ್ರೆ

ಕೇಳುಗರೆಲ್ಲರಿಗೂ ನಮಸ್ಕಾರ. ಡಿಗ್ರಿ ರಿಸಲ್ಟ್ ಬರೋ ಹೊತ್ತಿಗೆ ನಮ್ಮ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಎಲ್ಲಾ ಮನೇಲೂ ಒಂದೇ ಮಾತು, ಮುಂದೇನು ಮಾಡ್ತೀಯ ಅಂತ. ಬಿಎಡ್ಡು, ಬ್ಯಾಂಕ್ ಪರೀಕ್ಷೆ, ಬೆಂಗ್ಳೂರು, ಇಷ್ಟರಲ್ಲೇ ಮಾತು ಸುತ್ತುತ್ತೆ. ಪರಿಸರ ವಿಜ್ಞಾನ ಅಂದ್ರೆ ಗಿಡ ನೆಡೋ ಕೋರ್ಸಾ ಅಂತ ಕೇಳೋರು ಈಗ್ಲೂ ಇದ್ದಾರೆ. ನಾನು ಇವತ್ತು ಹೇಳ್ಬೇಕು ಅಂತಿರೋದು ಏನಂದ್ರೆ, ನಮ್ಮ ಮಕ್ಕಳು ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮಾಡ್ಲಿ, ಖಂಡಿತ ಮಾಡ್ಲಿ, ಆದ್ರೆ ಅದ್ರ ಜೊತೆಗೆ ಪಬ್ಲಿಕ್ ಪಾಲಿಸಿ, ಅಂದ್ರೆ ಸರ್ಕಾರ ಒಂದು ನಿರ್ಧಾರಕ್ಕೆ ಹೇಗೆ ಬರುತ್ತೆ ಅನ್ನೋದನ್ನೂ ಓದ್ಲಿ. ಒಂದನ್ನೇ ಓದಿದ್ರೆ ಕೆಲಸ ಅರ್ಧಕ್ಕೆ ನಿಲ್ಲುತ್ತೆ.

ಯಾಕೆ ಅಂತ ಕೇಳಿದ್ರೆ ನಮ್ಮ ಮಂಗನ ಕಾಯಿಲೆನೇ ತಗೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ರ ಮೊದಲು ಪತ್ತೆಯಾಯ್ತು, ಅದಕ್ಕೇ ಇಡೀ ಜಗತ್ತಲ್ಲಿ ಆ ವೈರಸ್ಸಿಗೆ ಕ್ಯಾಸನೂರಿನ ಹೆಸರೇ ಇದೆ. ಉಣುಗು ಕಚ್ಚಿ ಬರೋ ಕಾಯಿಲೆ ಇದು, ಅದ್ರಲ್ಲೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗು, ಹೆಚ್ಚಾಗಿ ಡಿಸೆಂಬರಿಂದ ಮೇ ತನಕ, ಅಂದ್ರೆ ನಮ್ಮವರು ಕೊಟ್ಟಿಗೆಗೆ ದರಗು, ಅಂದ್ರೆ ಉದುರಿದ ಒಣ ಎಲೆ, ಗುಡಿಸೋಕೆ, ಸೌದೆ ತರೋಕೆ ಅಂತ ಕಾಡಿಗೆ ಹೋಗೋ ಕಾಲಕ್ಕೇ. ಇಷ್ಟು ವಿಜ್ಞಾನ ಹೇಳುತ್ತೆ. ಆದ್ರೆ ಮಂಗ ಸತ್ತು ಬಿದ್ರೆ ಅದು ಅರಣ್ಯ ಇಲಾಖೆದು, ದನದ ಮೈಮೇಲಿನ ಉಣುಗು ಪಶುಸಂಗೋಪನೆ ಇಲಾಖೆದು, ಮನುಷ್ಯರಿಗೆ ಜ್ವರ ಬಂದ್ರೆ ಆರೋಗ್ಯ ಇಲಾಖೆದು, ಊರಿಗೆ ಸುದ್ದಿ ಮುಟ್ಸೋದು ಪಂಚಾಯ್ತಿ. ಬೆಳಿಗ್ಗೆ ತೋಟದ ಅಂಚಲ್ಲಿ ಮಂಗ ಸತ್ತಿದ್ದು ಕಂಡ್ರೆ ಯಾರು ಯಾರಿಗೆ ಫೋನ್ ಮಾಡ್ಬೇಕು, ಸ್ಯಾಂಪಲ್ ಯಾವಾಗ ಲ್ಯಾಬಿಗೆ ಹೋಗುತ್ತೆ, ಆ ಊರಿನ ಆಶಾ ಕಾರ್ಯಕರ್ತೆಗೆ ಯಾವಾಗ ಗೊತ್ತಾಗುತ್ತೆ, ಇದು ಪಾಲಿಸಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಈ ಕಾಯಿಲೆಯಿಂದ ಎಷ್ಟು ಮನೆಗಳಲ್ಲಿ ದುಃಖ ಆಯ್ತು ಅಂತ ಸಾಗರದವರಿಗೆ ನಾನು ಹೇಳ್ಬೇಕಾಗಿಲ್ಲ. ಆಗ ಹಾಕ್ತಿದ್ದ ಲಸಿಕೆಯ ರಕ್ಷಣೆ ಅಂದ್ಕೊಂಡಷ್ಟಿಲ್ಲ ಅಂತ 2013ರಲ್ಲೇ ಸಂಶೋಧನಾ ಲೇಖನ ಬಂದಿತ್ತು, ಲಸಿಕೆ ನಿಲ್ಸಿದ್ದು 2022ರಲ್ಲಿ. ಮಧ್ಯದ ಆ ವರ್ಷಗಳು ನನ್ನನ್ನ ತುಂಬಾ ಕಾಡುತ್ತೆ. ಗೊತ್ತಿರೋ ವಿಷಯ ನಿರ್ಧಾರ ಆಗೋ ಮೇಜಿನ ತನಕ ಬೇಗ ಹೋಗೋ ಹಾಗೆ ಮಾಡೋಕೆ ಎರಡೂ ಕಡೆ ಭಾಷೆ ಬಲ್ಲ ಜನ ಬೇಕು.

ಹೋಗಿ ಮುಟ್ಟಿದ ಉದಾಹರಣೆನೂ ಇದೆ. ಕುದುರೆಮುಖದ ಗಣಿಯಿಂದ ಭದ್ರಾ ನದಿಗೆ ಎಷ್ಟು ಹೂಳು ಬರ್ತಿದೆ ಅಂತ ಅಳೆದ ಲೆಕ್ಕ ಕೋರ್ಟಿನ ತನಕ ಹೋಯ್ತು, 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಆಯ್ತು, 2005ರ ಕೊನೆಗೆ ಗಣಿಗಾರಿಕೆ ನಿಂತೇ ಹೋಯ್ತು. ಮಳೇಲಿ ಹೊಳೆ ದಡದಲ್ಲಿ ನಿಂತು ಬಾಟಲಿಗೆ ನೀರು ತುಂಬೋ ಕೆಲಸ ಇದ್ಯಲ್ಲ, ಅದಕ್ಕೆ ಅಂಥಾ ಶಕ್ತಿ ಇದೆ.

ಈಗ ಶರಾವತಿ ಪಂಪ್ಡ್ ಸ್ಟೋರೇಜ್ ವಿಷಯ. ತಲಕಳಲೆ ಮತ್ತೆ ಗೇರುಸೊಪ್ಪೆ ಜಲಾಶಯಗಳ ಮಧ್ಯೆ 2000 ಮೆಗಾವ್ಯಾಟ್ ಯೋಜನೆ, ಸಿಂಗಳೀಕ ಅಭಯಾರಣ್ಯದ ಒಳಗೆ. ಕರೆಂಟ್ ಮಿಕ್ಕಿದಾಗ ನೀರು ಮೇಲೆತ್ತಿ, ಬೇಡಿಕೆ ಜಾಸ್ತಿಯಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡೋದು, ಎತ್ತೋಕೆ ಖರ್ಚಾಗೋ ಕರೆಂಟೇ ಹೆಚ್ಚು, ಆದ್ರೂ ಸೋಲಾರು ಗಾಳಿ ವಿದ್ಯುತ್ತು ಜಾಸ್ತಿ ಆದ ಹಾಗೆ ಇಂಥದ್ದು ಬೇಕು ಅಂತಾರೆ. ಲಿಂಗನಮಕ್ಕಿ ಅಣೆಕಟ್ಟಿಗೆ 1960ರ ದಶಕದಲ್ಲಿ ಊರು ಬಿಟ್ಟು ಬಂದವರ ಮೊಮ್ಮಕ್ಕಳಿಗೆ ಇನ್ನೂ ಜಮೀನಿನ ಪತ್ರ ಸರಿಯಾಗಿಲ್ಲ, ಆ ನೆನಪಿರೋ ಕಣಿವೇಲಿ ಇನ್ನೊಂದು ಯೋಜನೆ ಬಂದ್ರೆ ಜನ ಕೇಳೋದು ಸಹಜ. ಕೇಳೋಕೆ ಜಾಗನೂ ಇದೆ. ಪರಿಸರ ಪರಿಣಾಮ ಅಂದಾಜಿಗೆ 2006ರ ಕೇಂದ್ರ ಅಧಿಸೂಚನೆ ಇದೆ, ಅದ್ರ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡ್ಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಇರ್ಬೇಕು, ಇಡೀ ಸಭೆ ವಿಡಿಯೋ ಆಗ್ಬೇಕು, ಕೊನೇಲಿ ನಡಾವಳಿಯ ಸಾರ ಕನ್ನಡದಲ್ಲೇ ಓದಿ ಹೇಳ್ಬೇಕು. ಆದ್ರೆ ಪೂರ್ತಿ ವರದಿ ದಪ್ಪ ಪುಸ್ತಕ, ಇಂಗ್ಲಿಷಲ್ಲಿ. ಅದನ್ನ 30 ದಿನದೊಳಗೆ ಓದಿ, ಪ್ರಾಣಿ ಸಮೀಕ್ಷೆ ಯಾವ ತಿಂಗಳಲ್ಲಿ ಮಾಡಿದ್ದಾರೆ, ಮಳೆಗಾಲ ಸೇರಿದ್ಯಾ, ಸುರಂಗದ ಮಣ್ಣು ಎಲ್ಲಿ ಸುರೀತಾರೆ ಅಂತ ಪುಟದ ನಂಬರ್ ಸಮೇತ ಕೇಳೋಕೆ ಊರಲ್ಲಿ ಒಬ್ರು ಓದಿದವರು ಬೇಕೇ ಬೇಕು. ಬರೀ ಬೇಡ ಬೇಡ ಅಂತ ಕೂಗಿದ್ದಕ್ಕಿಂತ ಅಂಥ ಒಂದು ಪ್ರಶ್ನೆ ಕಡತದಲ್ಲಿ ಗಟ್ಟಿಯಾಗಿ ಕೂರುತ್ತೆ.

ಎಲ್ಲಿ ಓದೋದು? ದೂರ ಹೋಗ್ಲೇಬೇಕು ಅಂತಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಇದೆ, ಭದ್ರಾ ಕಾಡು ಪಕ್ಕದಲ್ಲೇ. ಪಾಲಿಸಿ ಓದೋಕೆ ಬೆಂಗ್ಳೂರಿನ ನ್ಯಾಷನಲ್ ಲಾ ಸ್ಕೂಲಲ್ಲಿ ಎರಡು ವರ್ಷದ ಕೋರ್ಸ್ ಇದೆ, ಯಾವ ಡಿಗ್ರಿ ಆಗಿದ್ರೂ ಪ್ರವೇಶ ಪರೀಕ್ಷೆ ಬರೀಬಹುದು, ಹಾಗಾಗಿ ಬಿಎ, ಬಿಕಾಂ ಮಕ್ಕಳು ನಮಗಲ್ಲ ಅಂದ್ಕೊಳ್ಬೇಡಿ. ಬಿಎಸ್ಸಿ ಆದವ್ರು ಮೊದಲು ವಿಜ್ಞಾನ ಮುಗ್ಸಿ ಅಂತ ನನ್ನ ಸಲಹೆ, ಯಾಕಂದ್ರೆ ಮಣ್ಣು ನೀರು ಪರೀಕ್ಷೆ ಮಾಡೋ ಕೈ ಪಳಗೋದು ಆ ವಯಸ್ಸಲ್ಲೇ, ಕಾಯ್ದೆ ಓದೋದು ಆಮೇಲೂ ಆಗುತ್ತೆ. ನೆಟ್ ಅನ್ನೋ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೇಲಿ ಸಂಶೋಧನೆಗೆ ಕೊಡೋ ಜೆಆರ್‌ಎಫ್ ಸಿಕ್ಕಿದ್ರೆ ಪಿಎಚ್‌ಡಿಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, 2023ರಿಂದ ಆ ದರ. ಇದನ್ನ ಅಪ್ಪ ಅಮ್ಮಂದಿರಿಗೋಸ್ಕರ ಹೇಳ್ತಿದೀನಿ.

ಇನ್ನು ಪ್ರಾಜೆಕ್ಟು. ದಯವಿಟ್ಟು ಎಲ್ಲಿಂದಲೋ ಕಾಪಿ ಮಾಡಿದ ವಿಷಯ ತಗೋಬೇಡಿ. ಕೊಳೆರೋಗಕ್ಕೆ ಅಂತ ನಮ್ಮ ಅಡಿಕೆ ತೋಟಕ್ಕೆ ತಲೆಮಾರುಗಳಿಂದ ಬೋರ್ಡೋ ದ್ರಾವಣ ಹೊಡೀತಿದೀವಿ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತುತ್ತದಲ್ಲಿರೋ ತಾಮ್ರ ಕೊಳೆತು ಹೋಗೋ ವಸ್ತು ಅಲ್ಲ, ಮಣ್ಣಲ್ಲೇ ಸೇರ್ತಾ ಹೋಗುತ್ತೆ. ನಿಮ್ಮೂರಿನ ಹಳೇ ತೋಟ ಹೊಸ ತೋಟ ಎರಡರ ಮಣ್ಣೂ ತಗೊಂಡು ತಾಮ್ರ ಎಷ್ಟಿದೆ, ಎರೆಹುಳು ಎಷ್ಟಿದೆ ಅಂತ ನೋಡಿ. ಮುಗಿದ ಮೇಲೆ ಎರಡು ಪುಟ ಕನ್ನಡದಲ್ಲಿ ಬರೆದು ಪಂಚಾಯ್ತಿಗೆ ಕೊಡಿ, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಅಲ್ಲೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಅವ್ರ ದಾಖಲೇಲಿ ಸೇರ್ಸಿ ಅಂತ ಕೇಳಿ, ಇಲ್ಲ ಅಂದ್ರೆ ಗ್ರಾಮಸಭೇಲಿ ಎದ್ದು ನಿಂತು ಕೇಳಿ. ಕೊನೇದಾಗಿ, ಕೋರ್ಸಿಗೆ ಅರ್ಜಿ ಹಾಕೋ ಮುಂಚೆ ಒಂದ್ಸಲ ವಿಶ್ವವಿದ್ಯಾಲಯದ ಆ ವಿಭಾಗಕ್ಕೇ ಹೋಗಿ, ಹಿಂದಿನ ವರ್ಷದವ್ರ ಪ್ರಾಜೆಕ್ಟ್ ರಿಪೋರ್ಟ್ ನೋಡೋಕೆ ಕೊಡ್ತೀರಾ ಅಂತ ಕೇಳಿ, ಅಲ್ಲಿನ ಸೀನಿಯರ್ಸ್ ಹತ್ರ ಫೀಲ್ಡಿಗೆ ಎಷ್ಟು ಕರ್ಕೊಂಡು ಹೋಗ್ತಾರೆ ಅಂತ ವಿಚಾರ್ಸಿ, ಆಮೇಲೆ ಸೇರ್ಕೊಳ್ಳಿ. ನಮಸ್ಕಾರ.