ಏನಾದ್ರೂ ಬೇಕಾ ಅಂತ ಕೇಳಬೇಡಿ

ನಮಸ್ಕಾರ. ನಮ್ಮ ಪಕ್ಕದ ಮನೆ ಹುಡುಗನಿಗೆ ಅಮ್ಮ ಆಗಿದೆ. ಸೀತಾಳೆ ಸಿಡುಬು, ಚಿಕನ್‌ಪಾಕ್ಸ್. ಏಳನೇ ಕ್ಲಾಸಿನ ಹುಡುಗ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಹೊರಗೆ ಬರುವಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದಾರೆ. ಹೋದ ವಾರ ಮೆಟ್ಟಿಲ ಮೇಲೆ ಅವನ ತಾಯಿ ಸಿಕ್ಕಿದರು. ನನ್ನ ಬಾಯಿಗೆ ತಾನಾಗಿಯೇ ಬಂತು: "ಏನಾದ್ರೂ ಬೇಕಾದ್ರೆ ಹೇಳಿ." ಅವರು "ಅಯ್ಯೋ, ಏನೂ ಬೇಡ, ಎಲ್ಲಾ ಇದೆ" ಅಂದರು. ನಾನು ತಲೆ ಆಡಿಸಿ ಕೆಳಗಿಳಿದೆ.

ಗಾಡಿ ಸ್ಟಾರ್ಟ್ ಮಾಡುವಾಗ ತುಂಬಾ ಬೇಜಾರಾಯಿತು. ಯಾಕೆಂದರೆ 2021ರ ಮೇ ತಿಂಗಳಲ್ಲಿ ನನಗೆ ಕೊರೊನಾ ಬಂದಾಗ ಇದೇ ಪ್ರಶ್ನೆಗೆ ನಾನೂ ಇದೇ ಉತ್ತರ ಕೊಟ್ಟಿದ್ದೆ. ದಿನಕ್ಕೆ ಹತ್ತು ಸಲ. "ಏನೂ ಬೇಡ, ಎಲ್ಲಾ ಇದೆ." ಏನೂ ಇರಲಿಲ್ಲ. ಎಲ್ಲಾ ಬೇಕಿತ್ತು.

ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಏಪ್ರಿಲ್‌ನಲ್ಲಿ ಎರಡು ವಾರ ಸರ್ಕಾರಿ ಬಸ್ ಮುಷ್ಕರ. ಅದು ಮುಗಿದು ಒಂದು ವಾರ ಆಗುವಷ್ಟರಲ್ಲಿ, 27ನೇ ತಾರೀಖು ರಾತ್ರಿಯಿಂದ ಕರ್ಫ್ಯೂ. ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನದ ಹೊಸ ಕೇಸು 50 ಸಾವಿರ ದಾಟಿತು. ಅದೇ ವಾರ ನನಗೂ ಜ್ವರ ಬಂತು. ಬೆಂಗಳೂರಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಒಬ್ಬನೇ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಜಿಲ್ಲೆಯಿಂದ ಜಿಲ್ಲೆಗೆ ಯಾರೂ ಬರುವಂತಿರಲಿಲ್ಲ.

ಜ್ವರ ಬಂದ ದಿನದಿಂದ ಕಡಿಮೆ ಅಂದರೂ ಹತ್ತು ದಿನ ಮನೆಯೊಳಗೇ ಇರಬೇಕು, ಕೊನೆಯ ಮೂರು ದಿನ ಜ್ವರ ಇರಬಾರದು. ಆಗಿನ ನಿಯಮ ಅದು. ಹತ್ತು ದಿನ ಏನು ದೊಡ್ಡದು ಅನ್ನಿಸಬಹುದು. ಎದ್ದು ನೀರು ಕಾಯಿಸಲು ಆಗದವನಿಗೆ ಹತ್ತು ದಿನ ತುಂಬಾ ಉದ್ದ.

ಆಗ ಫೋನ್ ಮಾಡಿದವರೆಲ್ಲ ಒಳ್ಳೆಯವರೇ. ನಿಜವಾಗಲೂ ಕಾಳಜಿ ಇದ್ದವರೇ. ಆದರೆ "ಏನಾದ್ರೂ ಬೇಕಾ?" ಅಂತ ಕೇಳಿದಾಗ, ಮಲಗಿದವನು ಎಷ್ಟು ಕೆಲಸ ಮಾಡಬೇಕು ನೋಡಿ. ಮೊದಲು ತನಗೆ ಏನು ಬೇಕು ಅಂತ ಯೋಚಿಸಬೇಕು. ಆಮೇಲೆ ಇವರ ಹತ್ತಿರ ಇದನ್ನು ಕೇಳಬಹುದಾ ಅಂತ ಅಳೆಯಬೇಕು. ಅವರ ಮನೆಯಲ್ಲೂ ಯಾರಿಗೋ ಹುಷಾರಿಲ್ಲ, ಅವರು ಹತ್ತು ಗಂಟೆಯೊಳಗೆ ಅಂಗಡಿಗೆ ಹೋಗಿ ಬರಬೇಕು, ದಾರಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸುತ್ತಾರೆ. ಇಷ್ಟೆಲ್ಲ ತಲೆಗೆ ಬಂದ ಮೇಲೆ ಬಾಯಿಂದ ಹೊರಡುವುದು ಒಂದೇ ಮಾತು. ಬೇಡ. ಕೇಳಿ ಪಡೆಯೋದು ನಮಗೆ ಕಲಿಸಿದ್ದೇ ಅಲ್ಲ ಅಲ್ವಾ? ಯಾರ ಮನೆಗೆ ಹೋದರೂ ಮೊದಲ ಸಲ ಕಾಫಿ ಬೇಡ ಅಂದೇ ಬೆಳೆದವರು ನಾವು.

ಮೂರನೇ ದಿನ ಮಧ್ಯಾಹ್ನ ಬಾಗಿಲು ಎರಡು ಸಲ ಬಡಿದ ಶಬ್ದ. ಎದ್ದು ಹೋಗುವಷ್ಟರಲ್ಲಿ ಯಾರೂ ಇಲ್ಲ. ಹೊಸ್ತಿಲ ಆಚೆ ಒಂದು ಸ್ಟೀಲ್ ಕ್ಯಾರಿಯರ್. ತೆಗೆದರೆ ಬಿಸಿ ಅನ್ನ, ಮೆಣಸಿನ ಸಾರು, ಎರಡು ಸುಟ್ಟ ಹಪ್ಪಳ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಯಾರದೋ ಹೆಸರು, 12-5-1984 ಅಂತ ಒಂದು ತಾರೀಖು. ಮದುವೆಗೆ ಪಾತ್ರೆ ಕೊಡುವಾಗ ಹೆಸರು ಕೊರೆಸುತ್ತಿದ್ದರಲ್ಲ, ಹಾಗೆ. ಸಂಜೆ ಕಿಟಕಿಯಿಂದ ಕೇಳಿದ ಮೇಲೆ ಗೊತ್ತಾಯಿತು, ಅದು ಕೆಳಗಿನ ಮನೆಯ, ಓನರ್ ತಾಯಿಯದು. ಅಜ್ಜಿ ನನ್ನನ್ನು ಏನೂ ಕೇಳಿರಲಿಲ್ಲ. ಎರಡು ದಿನದಿಂದ ಮೇಲೆ ಒಗ್ಗರಣೆ ಸದ್ದು ಕೇಳಿಸಿಲ್ಲ ಅಂತ ಅವರಿಗೆ ಅನ್ನಿಸಿತ್ತು. ಅಷ್ಟೇ.

ಇದೇ ಊರಲ್ಲಿ ಒಂದು ವರ್ಷದ ಹಿಂದೆ, 2020ರ ಜುಲೈನಲ್ಲಿ, ಸೋಂಕು ಬಂದವರ ಫ್ಲ್ಯಾಟಿನ ಬಾಗಿಲಿಗೆ ತಗಡು ಹೊಡೆದಿದ್ದರು. ಒಳಗೆ ಮಕ್ಕಳಿದ್ದರು. ಆ ಫೋಟೋ ಎಲ್ಲರೂ ನೋಡಿದ ಮೇಲೆ ಪಾಲಿಕೆ ಆಯುಕ್ತರೇ ಕ್ಷಮೆ ಕೇಳಿ ಅದನ್ನು ತೆಗೆಸಿದರು. ಮನೆ ಮುಂದೆ ಸುಮ್ನೆ ಪೋಸ್ಟರ್ ಅಂಟಿಸುವ ಅಗತ್ಯ ಇಲ್ಲ ಅಂತ ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಜನ ಮೆಟ್ಟಿಲು ಹತ್ತಲೂ ಹೆದರುತ್ತಿದ್ದ ಕಾಲ. ಎಪ್ಪತ್ತು ದಾಟಿದ ಆ ಅಜ್ಜಿ ಹದಿನೆಂಟು ಮೆಟ್ಟಿಲು ಹತ್ತಿ ಬಂದು ನನ್ನ ಹೊಸ್ತಿಲ ಮುಂದೆ ಊಟ ಇಟ್ಟು ಹೋದರು. ಮಾರನೇ ದಿನದಿಂದ ನಾನು ಕಿಟಕಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟೆ. ಅವರು ಹತ್ತಬಾರದು ಅಂತ.

ನಾಲ್ಕನೇ ದಿನ ಒಂದು ಪುಟ್ಟ ಡಬ್ಬ ಬಂತು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್. ಮೆಡಿಕಲ್ ಅಂಗಡಿಗಳಲ್ಲಿ ಅದು ಸಿಗುತ್ತಲೇ ಇರಲಿಲ್ಲ. ಜರ್ಮನಿಯಲ್ಲಿರುವ ನನ್ನ ಕಾಲೇಜು ಗೆಳೆಯ ಅಲ್ಲಿಂದಲೇ ಎಲ್ಲೆಲ್ಲೋ ಹುಡುಕಿ ಕಳಿಸಿದ್ದ. ಜೊತೆಗೆ ಒಂದು ಮೆಸೇಜ್: "ಬೆಳಗ್ಗೆ, ಸಂಜೆ ನಂಬರ್ ಕಳಿಸು. ಬೇರೆ ಏನೂ ಬರೀಬೇಡ." 96. 95. 96. 94ಕ್ಕಿಂತ ಕಡಿಮೆ ಆದರೆ ಡಾಕ್ಟರಿಗೆ ಹೇಳಬೇಕು ಅನ್ನುವುದು ಆಗ ಮಕ್ಕಳಿಗೂ ಗೊತ್ತಿತ್ತು. ದಿನಕ್ಕೆ ಎರಡು ಸಲ ಎರಡು ಅಂಕಿ. ನಾನು ಬದುಕಿದ್ದೀನಿ ಅಂತ ಒಬ್ಬನಿಗೆ ಗೊತ್ತಿದೆ ಅನ್ನುವ ಧೈರ್ಯ ಇದೆಯಲ್ಲ, ರಾತ್ರಿ ಎರಡು ಗಂಟೆಗೆ ಕೆಮ್ಮಿ ಎದ್ದು ಕೂತಾಗ ಅದು ಕೈ ಹಿಡಿಯುತ್ತಿತ್ತು.

ಏಳನೇ ದಿನ ಊರಿನ ಉಪ್ಪಿನಕಾಯಿ ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮ ಕಡೆಯ ಅಪ್ಪೆಮಿಡಿ ನಿಮಗೆ ಗೊತ್ತಿರಬಹುದು. ಶರಾವತಿ, ವರದಾ, ಅಘನಾಶಿನಿ ನದಿಗಳ ದಡದ ಕಾಡು ಮಾವಿನ ಮರಗಳ ಮಿಡಿ. ಬೇಸಿಗೆ ಶುರುವಿನಲ್ಲೇ, ಬಲಿಯುವ ಮೊದಲೇ ಕೊಯ್ಯಬೇಕು. ತೊಟ್ಟು ಮುರಿಯಬಾರದು, ಸೊನೆ ಒಳಗೇ ಇರಬೇಕು. ಪರಿಮಳ ಇರುವುದೇ ಆ ಸೊನೆಯಲ್ಲಿ. ಕಲ್ಲುಪ್ಪು ಹಾಕಿ ಭರಣಿಯಲ್ಲಿ ಇಟ್ಟರೆ ಮಿಡಿ ನೀರು ಬಿಟ್ಟುಕೊಂಡು ಚಿರುಟುತ್ತದೆ. ಆಮೇಲೆ ಸಾಸಿವೆ, ಮೆಣಸಿನಪುಡಿ. ಒಂದೊಂದು ಮರದ್ದು ಒಂದೊಂದು ಪರಿಮಳ. ನಮ್ಮ ಮನೆಗೆ ಬರುವುದು ಜೀರಿಗೆ ಮಿಡಿ. ಭರಣಿ ತೆರೆದರೆ ಜೀರಿಗೆ ಜಜ್ಜಿದ ಹಾಗೆ ಘಮ ಬರುತ್ತದೆ.

ಅಮ್ಮ ಅದನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ, ಹಳೇ ಪಂಚೆಯಲ್ಲಿ ಸುತ್ತಿದ್ದಳು. ಅಣ್ಣ ಅದನ್ನು ಬೆಂಗಳೂರಿಗೆ ಹೊರಟಿದ್ದ ಅನಾನಸ್ ಲಾರಿಯ ಡ್ರೈವರ್ ಕೈಯಲ್ಲಿ ಕೊಟ್ಟಿದ್ದ. ಸಾಮಾನಿನ ಲಾರಿಗೆ ಮಾತ್ರ ಓಡಾಡಲು ಬಿಡುತ್ತಿದ್ದರು. ಆ ಡ್ರೈವರ್ ಬೆಳಗಿನ ಜಾವ ಯಶವಂತಪುರದಲ್ಲಿ ಲೋಡ್ ಇಳಿಸಿ, ದಾರಿ ಕೇಳಿಕೊಂಡು ಬಂದು ಗೇಟಿನ ಹತ್ತಿರ ಇಟ್ಟು ಫೋನ್ ಮಾಡಿದ. "ಅಮ್ಮ ಕೊಟ್ಟಿದ್ದು, ಹುಷಾರು, ಒಡೀಬೇಡಿ" ಅಂದ. ಜೊತೆಗೆ ಅವನದ್ದೇ ಲೆಕ್ಕದಲ್ಲಿ ಎರಡು ಅನಾನಸ್ ಇಟ್ಟಿದ್ದ. ಇವತ್ತಿಗೂ ಅವನ ಮುಖ ನೋಡಿಲ್ಲ ನಾನು.

ಬಾಟಲಿ ತೆರೆದೆ. ಮೂಗಿನ ಹತ್ತಿರ ಹಿಡಿದೆ. ಏನೂ ಇಲ್ಲ. ಆ ಕಾಯಿಲೆ ಮೂಗಿನ ಶಕ್ತಿ ತೆಗೆದುಹಾಕಿತ್ತು. ನಾಲಿಗೆಗೆ ಉಪ್ಪು, ಹುಳಿ, ಖಾರ ಗೊತ್ತಾಗುತ್ತಿತ್ತು. ಜೀರಿಗೆ ಇಲ್ಲ. ಮುನ್ನೂರೈವತ್ತು ಕಿಲೋಮೀಟರ್ ದಾಟಿ ಬಂದ ನನ್ನ ಮನೆಯ ಪರಿಮಳ ಕೈಯಲ್ಲಿದೆ, ಅದು ನನಗೆ ಸಿಗುತ್ತಿಲ್ಲ. ಅವತ್ತು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಮ್ಮ ಫೋನ್ ಮಾಡಿದಾಗ "ಚೆನ್ನಾಗಿದೆ, ಘಂ ಅಂತಿದೆ" ಅಂದೆ.

ನಮ್ಮಲ್ಲಿ ಮುಯ್ಯಿ ಅಂತ ಇದೆ. ಮದುವೆ ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು, ಯಾರು ಎಷ್ಟು ಕೊಟ್ಟರು ಅಂತ ಬರೆಯುತ್ತಾರೆ. ನಾಳೆ ಅವರ ಮನೆ ಕಾರ್ಯಕ್ಕೆ ನಾವು ವಾಪಸ್ ಮಾಡಬೇಕು. ಗದ್ದೆ ಕೆಲಸಕ್ಕೂ ಮುಯ್ಯಾಳು ಇದ್ದರು. ನೀನು ನನ್ನ ಗದ್ದೆಗೆ ಬಾ, ನಾನು ನಿನ್ನ ಗದ್ದೆಗೆ ಬರುತ್ತೇನೆ. ನನಗೆ ಈ ಪದ್ಧತಿ ಮೇಲೆ ತುಂಬಾ ಗೌರವ ಇದೆ. ಬಡವರು ಮದುವೆ ಮಾಡಿದ್ದು, ನಾಟಿ ಮಾಡಿದ್ದು ಇದರಿಂದಲೇ. ಪಕ್ಕದ ಮನೆಯಿಂದ ಏನಾದರೂ ಬಂದ ಪಾತ್ರೆಯನ್ನು ಖಾಲಿ ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು ಅಂತ ಅಮ್ಮ ಹೇಳುತ್ತಿದ್ದಳು.

ಆದರೆ ಆ ಹತ್ತು ದಿನ ನನ್ನ ಮನೆಯಿಂದ ಯಾವ ಪಾತ್ರೆಯೂ ಹೊರಗೆ ಹೋಗುವಂತಿರಲಿಲ್ಲ. ತೊಳೆದು ತೊಳೆದು ಕಿಟಕಿ ಕಟ್ಟೆ ಮೇಲೆ ಜೋಡಿಸಿದೆ. ಅಜ್ಜಿಯ ಕ್ಯಾರಿಯರ್, ಗೆಳೆಯನೊಬ್ಬನ ಮನೆಯ ಇಡ್ಲಿ ಡಬ್ಬಿ, ಯಾರದೋ ತಟ್ಟೆ. ಅವುಗಳನ್ನು ನೋಡಿದಾಗಲೆಲ್ಲ ಮೊದಮೊದಲು ಸಂಕಟ ಆಗುತ್ತಿತ್ತು, ಸಾಲ ಏರುತ್ತಿದೆ ಅಂತ. ಎಂಟನೇ ದಿನವೋ ಒಂಬತ್ತನೇ ದಿನವೋ ಆ ಸಂಕಟ ಹೋಯಿತು. ಇವರು ಯಾರೂ ಪುಸ್ತಕದಲ್ಲಿ ಬರೆದುಕೊಂಡಿಲ್ಲ. ನಾನು ಏನೂ ವಾಪಸ್ ಕೊಡಲಾರೆ ಅಂತ ಗೊತ್ತಿದ್ದೇ ಕೊಟ್ಟಿದ್ದಾರೆ. ಆಮೇಲೆ ಅಜ್ಜಿಯ ಅನ್ನ ಇನ್ನೂ ಸಮಾಧಾನವಾಗಿ ಗಂಟಲಲ್ಲಿ ಇಳಿಯಿತು.

ಕೇಳದೆ ಕಳಿಸಿದರೆ ತಪ್ಪಾಗಬಹುದಲ್ಲ ಅಂತ ನೀವು ಕೇಳಬಹುದು. ಆಗುತ್ತದೆ. ನನ್ನ ಮನೆಗೆ ಐದು ಕಡೆಯಿಂದ ಕಷಾಯದ ಪುಡಿ ಬಂದಿತ್ತು, ಐದನೆಯದು ದೀಪಾವಳಿ ತನಕ ಉಳಿದಿತ್ತು. ಅದರಿಂದ ಏನೂ ಕೆಡಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಸ್ವೀಟ್ ಕಳಿಸಬೇಡಿ, ಪಥ್ಯ ಇದ್ದರೆ ಮನೆಯವರನ್ನು ಒಂದು ಮಾತು ಕೇಳಿ. ಆದರೆ ಕಾಯಿಲೆಯವರನ್ನೇ ಕೇಳಬೇಡಿ. ಬೆಲ್ ಮಾಡಿ ಕಾಯಬೇಡಿ. ತಲುಪಿತಾ ಅಂತ ಮೂರು ಸಲ ಫೋನ್ ಮಾಡಬೇಡಿ. ಒಂದು ಚೀಟಿ ಇಡಿ, "ಉತ್ತರ ಬೇಡ" ಅಂತ.

ಹನ್ನೆರಡನೇ ದಿನ ಕ್ಯಾರಿಯರ್ ವಾಪಸ್ ಕೊಡಲು ಕೆಳಗೆ ಹೋದೆ. ಖಾಲಿ ಕೊಡಬಾರದಲ್ಲ, ಹತ್ತು ಮಿಡಿ ಹಾಕಿದ್ದೆ. ಅಜ್ಜಿ ಮುಚ್ಚಳ ತೆಗೆದು, ಮಾಸ್ಕ್ ಸ್ವಲ್ಪ ಕೆಳಗೆ ಮಾಡಿ, ಕಣ್ಣು ಮುಚ್ಚಿದರು. "ಜೀರಿಗೆ ವಾಸನೆ ಬರ್ತಿದೆಯಲ್ಲಪ್ಪಾ, ಏನಿದು?" ಅಂದರು. ಆಗ ಗೊತ್ತಾಯಿತು, ಪರಿಮಳ ಅಲ್ಲೇ ಇದೆ. ನನಗೆ ಅದು ಸಿಕ್ಕಿದ್ದು ಜುಲೈ ಕೊನೆಗೆ, ಒಂದು ಬೆಳಗ್ಗೆ ಗಂಜಿ ಊಟಕ್ಕೆ ಬಾಟಲಿ ತೆರೆದಾಗ. ತಕ್ಷಣ ಊರಿಗೆ ಫೋನ್ ಮಾಡಿ ಎಲ್ಲಾ ನಿಜ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಬಾಟಲೀಲಿ ಇನ್ನೂ ಎಷ್ಟಿದೆ?"

ಈಗ ಪಕ್ಕದ ಮನೆ ಹುಡುಗನ ವಿಷಯ. ಅವತ್ತು ಸಂಜೆ ಗಮನಿಸಿದೆ, ಕೆಳಗೆ ರಸ್ತೆಯಲ್ಲಿ ಹುಡುಗರು ಕ್ರಿಕೆಟ್ ಆಡುವಾಗ ಅವನು ಕಿಟಕಿ ಸರಳು ಹಿಡಿದು ನಿಂತಿರುತ್ತಾನೆ. ನಾನು ಸ್ಟೇಷನರಿ ಅಂಗಡಿಯಿಂದ ಒಂದು ಕ್ರಿಕೆಟ್ ಸ್ಕೋರ್ ಬುಕ್, ಎರಡು ಪೆನ್ಸಿಲ್ ತಂದೆ. ಜೊತೆಗೆ ಒಂದು ಚೀಟಿ: "ಇವತ್ತಿಂದ ನೀನೇ ಸ್ಕೋರರ್. ಹುಡುಗರಿಗೆ ಹೇಳಿದ್ದೀನಿ." ಬೇವಿನ ಸೊಪ್ಪಿನ ಕೆಳಗೆ ಇಟ್ಟು ಬಾಗಿಲು ಎರಡು ಸಲ ಬಡಿದು ಬಂದುಬಿಟ್ಟೆ.

ನಿನ್ನೆ ಸಂಜೆ ಇದನ್ನು ಬರೆಯುತ್ತಾ ಕೂತಿದ್ದೆ. ಕಿಟಕಿಯಿಂದ ಕೂಗು ಕೇಳಿಸಿತು. "ಅದು ವೈಡ್! ನಾನು ನೋಡಿದೆ! ವೈಡ್!" ಕೆಳಗೆ ಇಡೀ ಟೀಮು ತಲೆ ಎತ್ತಿ ಅವನ ಜೊತೆ ಜಗಳ ಆಡುತ್ತಿತ್ತು.