ಪ್ರಬಂಧ ಎಣಿಸಬೇಡಿ, ಒಂದನ್ನು ತೆರೆದು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆ, ಹರಿಹರ, ಹೊಳಲ್ಕೆರೆ, ಹಿರಿಯೂರು, ಯಾವ ಊರಾದರೂ ಸರಿ, ಮನೆಯಲ್ಲಿ ಒಬ್ಬರಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದ ದಿನವೇ ಓದಿದ ಹುಡುಗನೊಬ್ಬ ಮೊಬೈಲ್ ಹಿಡಿದು ಕೂರುತ್ತಾನೆ. "ಈ ಡಾಕ್ಟರ್ ಇನ್ನೂರು ಸಂಶೋಧನಾ ಪ್ರಬಂಧ ಬರೆದಿದ್ದಾರೆ, ಆ ಡಾಕ್ಟರ್ ಬರೀ ಮೂವತ್ತು" ಅನ್ನುತ್ತಾನೆ. ಮನೆಯವರು ಇನ್ನೂರರ ಕಡೆ ಹೊರಡುತ್ತಾರೆ. ಸ್ವಲ್ಪ ತಾಳಿ. ಪ್ರಬಂಧ ಎಣಿಸಬೇಡಿ. ಒಂದನ್ನು ತೆರೆದು ನೋಡಿ.

ಆ ಇನ್ನೂರು ಒಬ್ಬರದೇ ಅಂತ ಯಾರು ಹೇಳಿದರು? ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಪಬ್‌ಮೆಡ್ ಅನ್ನುವ ಉಚಿತ ತಾಣದಲ್ಲಿ 'ಪಾಟೀಲ್ ಎಸ್' ಅಂತ ಹಾಕಿ ನೋಡಿ. ಮೂಳೆಯವರು, ಕಣ್ಣಿನವರು, ಹಲ್ಲಿನವರು, ಎಲ್ಲ ಪಾಟೀಲರೂ ಒಂದೇ ಪಟ್ಟಿಯಲ್ಲಿ ಬರುತ್ತಾರೆ. ಹೆಸರಿನ ಜೊತೆ ಆಸ್ಪತ್ರೆಯ ಹೆಸರು, ಕಾಯಿಲೆಯ ಹೆಸರು ಎರಡನ್ನೂ ಹಾಕಿ. ಪಟ್ಟಿ ತಾನಾಗಿ ಕರಗುತ್ತದೆ.

ಆಮೇಲೆ ಒಂದನ್ನು ತೆರೆಯಿರಿ. ಮೇಲ್ಗಡೆ ಸಾರಾಂಶ ಇರುತ್ತದೆ, ಅಷ್ಟೇ ಸಾಕು. ರೋಗಿಗಳು ಎಷ್ಟು ಜನ? ಯಾವ ಚಿಕಿತ್ಸೆಯ ಜೊತೆ ಹೋಲಿಸಿದರು? ಎಷ್ಟು ತಿಂಗಳು ಗಮನಿಸಿದರು? ಅಳೆದದ್ದು ಏನನ್ನು? ಒಬ್ಬ ರೋಗಿಯ ವಿಚಿತ್ರ ಲಕ್ಷಣದ ವರದಿಯೂ ಪಟ್ಟಿಯಲ್ಲಿ ಒಂದು ಪ್ರಬಂಧವೇ. ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಮಾತ್ರೆ ಕೊಟ್ಟು 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಪಟ್ಟಿಯಲ್ಲಿ ಒಂದೇ. ಅದರಲ್ಲಿ 1,106 ರೋಗಿಗಳಿದ್ದರು, ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಹಳೆಯ ಇಂಟರ್‌ಫೆರಾನ್ ಚಿಕಿತ್ಸೆ. ಎಣಿಸುವವರಿಗೆ ಎರಡೂ ಸಮ!

ಒಂದು ಹಳೆಯ ಸಂಗತಿ ಹೇಳಲೇಬೇಕು. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ನಮ್ಮ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವಲ್ಲ, ಅಲ್ಲಿಯೂ ಹಾಗೇ. ಗಿರಣಿಯ ಬಸುರಿ ಹೆಂಗಸರಿಗೆ ವಿಪರೀತ ರಕ್ತಹೀನತೆ. ಯೀಸ್ಟ್ ಸಾರ ತಿನ್ನಿಸಿದರೆ ರಕ್ತ ಏರುತ್ತಿತ್ತು. 1931ರಲ್ಲಿ ಅದನ್ನು ಪ್ರಕಟಿಸಿದರು. ಸಾರದಲ್ಲಿದ್ದದ್ದು ಫೋಲೇಟ್ ಎಂಬ ವಿಟಮಿನ್ ಅಂತ ಆಮೇಲೆ ತಿಳಿಯಿತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದೇ ಬಗೆಯ ಪದಾರ್ಥವನ್ನು ಲ್ಯುಕೇಮಿಯಾ ಇರುವ ಮಕ್ಕಳಿಗೆ ಕೊಟ್ಟರು. ಕಾಯಿಲೆ ಇನ್ನೂ ಜೋರಾಯಿತು. ಸರಿ, ಫೋಲೇಟ್ ಕ್ಯಾನ್ಸರ್ ಕಣಕ್ಕೂ ಆಹಾರವಾದರೆ, ಅದನ್ನು ತಡೆಯುವ ವಸ್ತು ಕೊಟ್ಟರೆ? ಆ ವಸ್ತು ತಯಾರಾದದ್ದು ಭೀಮಾವರಂನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯ ಓದಿ, ಅಮೆರಿಕದ ಲೆಡರ್ಲಿ ಪ್ರಯೋಗಾಲಯ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ಅದರ ಹೆಸರು ಅಮಿನಾಪ್ಟೆರಿನ್.

ಅದನ್ನು ಮಕ್ಕಳಿಗೆ ಕೊಟ್ಟ ಫಾರ್ಬರ್ ಅವರ ಪ್ರಬಂಧ 1948ರ ಜೂನ್‌ನಲ್ಲಿ ಹೊರಬಂತು. ಮಕ್ಕಳು 16, ಸುಧಾರಿಸಿದವರು 10. ಚೇತರಿಕೆ ತಾತ್ಕಾಲಿಕ, ಔಷಧ ವಿಷಕಾರಿ, 'ಗುಣವಾಯಿತು' ಅನ್ನಲು ಆಧಾರವಿಲ್ಲ ಅಂತ ಅವರೇ ಬರೆದರು. ಲೇಖಕರು ಐವರು. ಸುಬ್ಬರಾವ್ ಅವರ ಹೆಸರು ಅದರಲ್ಲಿಲ್ಲ! ಎಣಿಸುವವರ ಲೆಕ್ಕದಲ್ಲಿ ಅವರ ಪಾಲು ಸೊನ್ನೆ. ಅಮಿನಾಪ್ಟೆರಿನ್ ಗುಂಪಿನದೇ ಔಷಧ ಮೆಥೋಟ್ರೆಕ್ಸೇಟ್ ಇವತ್ತಿಗೂ ಮಕ್ಕಳ ಲ್ಯುಕೇಮಿಯಾದಲ್ಲಿ ಬಳಕೆಯಲ್ಲಿದೆ. ಆ ಮಾತ್ರೆ ಬರೆದುಕೊಟ್ಟಿದ್ದರೆ ಸಾಮಾನ್ಯವಾಗಿ ವಾರಕ್ಕೊಮ್ಮೆ. ತಪ್ಪಿ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತ ತಯಾರಿಸುವ ಮೂಳೆಯ ಮಜ್ಜೆ ಕುಸಿದು, ಪ್ರಾಣಕ್ಕೇ ಕುತ್ತು. ಚೀಟಿಯ ಮೇಲೆ ನುಂಗುವ ದಿನದ ಹೆಸರು ಬರೆಸಿಕೊಳ್ಳಿ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದು, ಕೊನೆಯದು ಮಾರ್ಗದರ್ಶಕರದು. ನಡುವಿನ ನಲವತ್ತು ಹೆಸರುಗಳಲ್ಲಿ ಯಾರು ಎಷ್ಟು ಮಾಡಿದರೋ ಪಟ್ಟಿ ನೋಡಿ ತಿಳಿಯುವುದಿಲ್ಲ. ಸಮ್ಮೇಳನದಲ್ಲಿ ಓದಿದ ಅರ್ಧ ಪುಟದ ಸಾರಾಂಶವನ್ನೂ ಕೆಲವರು ಪ್ರಬಂಧದ ಲೆಕ್ಕಕ್ಕೆ ಸೇರಿಸುತ್ತಾರೆ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಪ್ರಕಟಿಸಿದ ಮೇಲೆ ವಾಪಸು ಪಡೆದ ಪ್ರಬಂಧವಾದರೆ ಪಬ್‌ಮೆಡ್ ಪುಟದಲ್ಲೇ ಸೂಚನೆ ಇರುತ್ತದೆ.

ನಮ್ಮ ದೇಶದ ಔಷಧ ಪ್ರಯೋಗಗಳು 2009ರ ಜೂನ್‌ನಿಂದ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಮೊದಲೇ ನೋಂದಣಿಯಾಗಬೇಕು. ಅದನ್ನು ನೋಡಲು ದುಡ್ಡು ಬೇಡ. ಪ್ರಬಂಧದಲ್ಲಿರುವ ನೋಂದಣಿ ಸಂಖ್ಯೆಯನ್ನು ಅಲ್ಲಿ ಹಾಕಿ. 'ರೋಗಿ ಎಷ್ಟು ಕಾಲ ಬದುಕುತ್ತಾರೆ, ಅದನ್ನು ಅಳೆಯುತ್ತೇವೆ' ಅಂತ ಅಲ್ಲಿ ಬರೆಸಿ, ಪ್ರಬಂಧದಲ್ಲಿ ಬರೀ ಗಡ್ಡೆಯ ಅಳತೆಯನ್ನು ಕೊಟ್ಟಿದ್ದರೆ, ಏಕೆ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ನಮಸ್ಕಾರ.