ಎವ್ರಿವನ್ ಬಾಲದಲ್ಲಿರುವ ವನ್

ಕೇಳುಗರಿಗೆ ನಮಸ್ಕಾರ. ಇಂಗ್ಲಿಷ್ ಮಾತಾಡಲು ಹೊರಟು, ಈಸ್ ಹಾಕಲೋ ಆರ್ ಹಾಕಲೋ ಅಂತ ಅರ್ಧಕ್ಕೆ ನಿಲ್ಲುವವರಿಗಾಗಿ ಇವತ್ತು ಒಂದೇ ಒಂದು ವಿಷಯ ತಂದಿದ್ದೇನೆ. ಎವ್ರಿವನ್ ಬಂದರೂ ಎವ್ರಿಬಡಿ ಬಂದರೂ ಈಸ್, ಹ್ಯಾಸ್. ಆರ್ ಬೇಡ, ಹ್ಯಾವ್ ಬೇಡ.

ತಪ್ಪಾಗುವುದು ಯಾಕೆ? ಕನ್ನಡದಲ್ಲಿ ನಾವು 'ಎಲ್ಲರೂ ಬಂದಿದ್ದಾರೆ' ಅನ್ನುತ್ತೇವೆ. 'ಪ್ರತಿಯೊಬ್ಬರೂ ಬಂದಿದ್ದಾರೆ' ಅಂದರೂ ಬಹುವಚನವೇ. ಬಾಗಿಲು ತಟ್ಟಿದ್ದು ಒಬ್ಬರೇ ಆದರೂ 'ಯಾರೋ ಬಂದಿದ್ದಾರೆ' ಅನ್ನುತ್ತೇವೆ. ಆ ರೂಢಿಯಲ್ಲೇ ಇಂಗ್ಲಿಷಿಗೆ ಹೋದರೆ ನಾಲಿಗೆಗೆ ಆರ್ ಬಂದುಬಿಡುತ್ತದೆ. ಆದರೆ ಅಲ್ಲಿ ಪದದ ಬಾಲ ನೋಡಬೇಕು. ಎವ್ರಿವನ್ ಬಾಲದಲ್ಲಿ ಏನಿದೆ? ವನ್, ಒಂದು! ಹಿಂದೆ ಇದನ್ನು ಎರಡು ಪದವಾಗಿ ಬಿಡಿಸಿ ಬರೆಯುತ್ತಿದ್ದರು. ನೋ ವನ್ ಇವತ್ತಿಗೂ ಹಾಗೇ ಇದೆ.

ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತ. 'ಸಾರ್, ಎವ್ರಿಬಡಿ ಅಂದರೆ ನಾವು 40 ಜನ. 40 ಜನಕ್ಕೆ ಈಸ್ ಹೇಗೆ ಸಾರ್?' ಅಂದ. ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ನಾನು ಉತ್ತರ ಹೇಳಲಿಲ್ಲ. ಮೇಜಿನ ಮೇಲೆ ತಿದ್ದಿದ ನೋಟ್‌ಬುಕ್ಕುಗಳು ಇದ್ದವು. 'ಹಂಚಪ್ಪಾ' ಅಂದೆ. ಹೆಸರು ಓದುತ್ತಾನೆ, ಆ ಬೆಂಚಿಗೆ ಹೋಗುತ್ತಾನೆ, ಕೊಡುತ್ತಾನೆ, ವಾಪಸ್ ಬರುತ್ತಾನೆ. ಮತ್ತೆ ಹೆಸರು, ಮತ್ತೆ ಬೆಂಚು. ಪೂರ್ತಿ ಹಂಚುವವರೆಗೆ ನಾನು ಸುಮ್ನೆ ಕೂತಿದ್ದೆ. ಆಮೇಲೆ ಕೇಳಿದೆ: 'ಒಂದು ಸಲಕ್ಕೆ ಎಷ್ಟು ಜನಕ್ಕೆ ಕೊಟ್ಟೆ?' 'ಒಬ್ಬರಿಗೆ ಸಾರ್.' 'ಎವ್ರಿಬಡಿ ಅನ್ನುವಾಗ ಇಂಗ್ಲಿಷ್ ಕೂಡ ಹೀಗೇ ಒಬ್ಬೊಬ್ಬರ ಹತ್ತಿರ ಹೋಗುತ್ತದೆ' ಅಂದೆ. ಇಡೀ ಗುಂಪನ್ನು ಒಟ್ಟಿಗೆ ಹಿಡಿಯಬೇಕೆಂದರೆ ಆಲ್ ಇದೆ, ಅಲ್ವಾ? ಆಲ್ ಆಫ್ ದೆಮ್ ಆರ್ ಹಿಯರ್. ಹುಡುಗ ಕೈಯಲ್ಲಿ ಉಳಿದ ಒಂದು ಪುಸ್ತಕ ನೋಡಿದ. ನಾನು ಹೇಳಿಕೊಡದೆಯೇ ಅವನ ಬಾಯಲ್ಲಿ ಬಂತು: 'ಸಮ್‌ವನ್ ಈಸ್ ಆಬ್ಸೆಂಟ್ ಸಾರ್!' ನನಗಾದ ಖುಷಿ ಇವತ್ತಿಗೂ ಆರಿಲ್ಲ.

ಕಥೆಗೇ ಜಾಸ್ತಿ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ವನ್, ಬಡಿ, ಥಿಂಗ್ ಬಾಲದಲ್ಲಿದ್ದರೆ ಏಕವಚನ. ಸಮ್‌ಬಡಿ, ಎನಿವನ್, ನೋ ವನ್, ನಥಿಂಗ್, ಎಲ್ಲವೂ ಅಷ್ಟೇ. ಈಚ್ ಕೂಡ ಒಬ್ಬೊಬ್ಬರೇ. ಇಲ್ಲಿ ಮಾತ್ರ ದಯವಿಟ್ಟು ಗಮನ ಕೊಡಿ. ಈಚ್ ಆಫ್ ದ ಬಾಯ್ಸ್ ಹ್ಯಾಸ್ ಅ ಬುಕ್. ನಡುವೆ ಬಾಯ್ಸ್ ಕಂಡ ಕೂಡಲೇ ಹ್ಯಾವ್ ಅಂದುಬಿಡುತ್ತಾರೆ. ಎಷ್ಟು ಸಲ ತಿದ್ದಿದ್ದೇನೋ! ಕ್ರಿಯಾಪದ ಈಚ್ ಮಾತು ಕೇಳುತ್ತದೆ, ಬಾಯ್ಸ್ ಮಾತು ಕೇಳುವುದಿಲ್ಲ. ಎವ್ರಿವನ್ ಹ್ಯಾಸ್ ಬ್ರಾಟ್ ದೆಯರ್ ಬುಕ್ ಅಂತಲೂ ಕೇಳುತ್ತೀರಿ. ದೆಯರ್ ಬಂದರೂ ಹ್ಯಾಸ್ ಹ್ಯಾಸ್ ಆಗಿಯೇ ಇರುತ್ತದೆ. ಬೋತ್, ಫ್ಯೂ, ಮೆನಿ ಮೂರೂ ಬಹುವಚನ, ಅವುಗಳ ತಂಟೆ ಇಲ್ಲ.

ಇನ್ನು ಮುಂದೆ ಬಾಗಿಲು ತಟ್ಟಿದ ಸದ್ದಾದರೆ, ಎದ್ದು ಹೋಗುವ ಮೊದಲು ಜೋರಾಗಿ ಹೇಳಿ: ಸಮ್‌ವನ್ ಈಸ್ ಅಟ್ ದ ಡೋರ್. ನಮಸ್ಕಾರ.